ಬೆನ್ನಿನ ಗೀರು

ಜಿಂಗ್‌ಝೌ. ಎರಡನೇ ಮಹಡಿ, ಪರದೆ ಸದಾ ಇಳಿಬಿಟ್ಟ ಕೋಣೆ.
ಬಟ್ಟಿ ಇಳಿಸಿದ ನೀರಲ್ಲಿ ಮಲಗಿವೆ ಬಿದಿರೋಲೆಗಳು,
ಎರಡು ಸಾವಿರದ ಮುನ್ನೂರು ವರ್ಷ ಕೆಸರುಂಡು
ಬೆಂದ ಶಾವಿಗೆಯಷ್ಟು ಮೆತ್ತಗಾಗಿ.
ಪೋಣಿಸಿದ್ದ ದಾರ ಎಂದೋ ಕೊಳೆತುಹೋಯಿತು.
ಯಾವುದರ ಹಿಂದೆ ಯಾವುದೆಂದು
ಗೋರಿಯೊಳಗಿನ ಗುಮಾಸ್ತ ಹೇಳಿ ಹೋಗಿಲ್ಲ.

ನಾನು ನೀರು ಬದಲಿಸುವವಳು.
ಕುವಾಂಗ್ ಮೇಷ್ಟ್ರು ಓದುವವರು.
ಅವರು ಓದಿದ್ದನ್ನೇ ಓದಿ ನಾವೆಲ್ಲ ಪಾಸಾದದ್ದು.

ಯೆನ್ ಎಂದೊಂದು ಅಕ್ಷರ.
ಹಿಂದೆ ಅದು ಹಕ್ಕಿಯ ಹೆಸರಂತೆ, ಹಳದಿ ಹಕ್ಕಿ;
ಈಗಲೂ ಬರೆದರೆ ಕೆಳಗೆ ನಾಲ್ಕು ಚುಕ್ಕಿ, ಉಗುರಿನ ಹಾಗೆ.
ಹಕ್ಕಿ ಹಾರಿತು, ಕೂರುವ ಚಟ ಉಳಿಯಿತು:
ಮಾತಿನ ಕೊನೆಗೆ ಕೂತರೆ ಅಲ್ಲಿ,
ಕ್ರಿಯೆಯ ಮುಂದೆ ಕೂತರೆ ಎಲ್ಲಿ.
ಪೂರ್ಣವಿರಾಮ ಆಗಿನ್ನೂ ಹುಟ್ಟಿರಲಿಲ್ಲ.

ಹದಿನೇಳನೇ ಓಲೆ ಅದರಿಂದಲೇ ಶುರು.
ಹದಿನಾರರ ಬಾಲಕ್ಕೆ ಅದನ್ನು ಹೊಲಿದು
ಮೂವತ್ತೊಂದು ವರ್ಷದ ಹಿಂದೆ ಮೇಷ್ಟ್ರು ಬರೆದರು:
“ಜನ ನೆಲೆಸುತ್ತಾರೆ ಅಲ್ಲಿ.”
ಆ ಒಂದು ‘ಅಲ್ಲಿ’ಗೆ ಎಷ್ಟು ಪ್ರಬಂಧ, ಎಷ್ಟು ಚಪ್ಪಾಳೆ;
ವುಹಾನಿನ ಗೆಳೆಯರೊಬ್ಬರು ಸಾಯುವ ತನಕ ಮಾತು ಬಿಟ್ಟರು.

ಗುರುವಾರ ನಾನು ಓಲೆ ಮಗುಚಿದೆ.
ಬೆನ್ನಿನ ಮೇಲೊಂದು ಓರೆ ಗೀರು:
ಸೀಳುವ ಮೊದಲೇ ಇಡೀ ಬಿದಿರಿಗೆ
ಯಾರೋ ಚಾಕುವಿನಿಂದ ಸುತ್ತ ಎಳೆದ ಗೆರೆ.
ಪಕ್ಕಪಕ್ಕ ಇಟ್ಟರೆ ಗೆರೆಗೆ ಗೆರೆ ಕೂಡಬೇಕು.
ಹದಿನಾರಕ್ಕೆ ಕೂಡಲಿಲ್ಲ. ಒಂದು ಅಕ್ಕಿಕಾಳಿನಷ್ಟು ತಪ್ಪಿತು.
ನಲವತ್ತರ ಪಕ್ಕ ಇಟ್ಟೆ.
ಬಾಗಿಲಿಗೆ ಅಗಳಿ ಬಿದ್ದಂತೆ ಬಿತ್ತು.

ಆ ನಲವತ್ತು, ಪಾಪ, ‘ತಿಳಿದವನು’ ಎಂಬಲ್ಲಿ ನಿಂತು
ಮುಂದಿನ ಮಾತಿಲ್ಲದೆ ಡಬ್ಬಿಯಲ್ಲೇ ಇತ್ತು.
ಈಗ ಕೇಳುತ್ತಿದೆ:
ತಿಳಿದವನು ಎಲ್ಲಿಗೆ ಹೋದಾನು?

ಹೇಳಲು ಮೂರು ದಿನ ಬೇಕಾಯಿತು ನನಗೆ.
ಮೇಷ್ಟ್ರು ಕೋಟು ತೊಟ್ಟು ಹೊರಟಿದ್ದರು,
ಕೈಯಲ್ಲಿ ತಾವರೆಗೆಡ್ಡೆ ಸಾರಿನ ಕ್ಯಾರಿಯರ್.
ಭೂತಗನ್ನಡಿ ಹಿಡಿದರು. ಬಹಳ ಹೊತ್ತು.
ಆಮೇಲೆ ಕಪಾಟಿನಿಂದ ತಮ್ಮದೇ ಪುಸ್ತಕ ಎಳೆದು
ಅಡಿಟಿಪ್ಪಣಿಯೊಂದರ ಮೇಲೆ ಬೆರಳಿಟ್ಟರು:
“ಹದಿನೇಳರ ಹಿಂಬದಿ ಒಂದು ಗೀರಿದೆ. ಮುಖ್ಯವಲ್ಲ.”

“ನೋಡು, ನನಗೆ ಕಂಡಿತ್ತು” ಅಂದರು,
ಕಳೆದ ಕೊಡೆ ಮನೆಯಲ್ಲೇ ಸಿಕ್ಕವರ ಹಾಗೆ.

“ಬೆನ್ನು ನೋಡದವು ಇನ್ನೆಷ್ಟಿವೆ?”
“ಇನ್ನೂರ ಹನ್ನೊಂದು.”

ಕೋಟು ವಾಪಸು ಮೊಳೆಗೆ ಹೋಯಿತು.
ಕ್ಯಾರಿಯರ್ ನನ್ನ ಕಡೆ ಸರಿಯಿತು:
ಆರುವ ಮುಂಚೆ ಉಣ್ಣು,
ಕೈ ಚೆನ್ನಾಗಿ ತೊಳೆದು ಬಾ.