ರಾತ್ರಿ ಎರಡಕ್ಕೆ ಜಲ್ಲಿ

ಎದುರು ಸೈಟಿಗೆ ಲಾರಿ ಬರುವುದು ರಾತ್ರಿ ಎರಡರ ಮೇಲೆ,
ಹಗಲು ಪೊಲೀಸರು ಬಿಡುವುದಿಲ್ಲ.
ಲಿಂಗರಾಜಪುರದ ನಮ್ಮ ಕ್ರಾಸು ಮಲಗಿರುತ್ತದೆ.
ಕೊಕ್ಕೆ ಕಳಚಿದ ಸದ್ದು, ಯಾರೋ ಕೆಮ್ಮಿದ್ದು,
ಆಮೇಲೆ ಒಂದೇ ಉಸಿರಿಗೆ
ಜಲ್ಲಿ.

ಬೀದಿಗೆಲ್ಲ ಅದು ಶನಿಕಾಟ.
ಮೇಲಿನ ಮನೆಯ ಅರುಳ್‌ಮೇರಿ ಕಿಟಕಿ ತೆರೆದು ಬೈಯುತ್ತಾಳೆ,
ಅರ್ಧ ತಮಿಳಿನಲ್ಲಿ, ಕೆಟ್ಟದ್ದೆಲ್ಲ ಕನ್ನಡದಲ್ಲಿ.
ನಾನು ಕಣ್ಣು ತೆರೆಯುವುದಿಲ್ಲ.
ತೆರೆದರೆ ಹೋಗಿಬಿಡುತ್ತದೆ.

ಸೈಪ್ರಸ್ಸಿನಲ್ಲಿ ಮೂರು ವರ್ಷ ಒಬ್ಬ ಮುದುಕಿಯ ಮೈ ತೊಳೆದೆ.
ಆಂದ್ರೂಲ ಅವಳ ಹೆಸರು.
ನನ್ನನ್ನು ಕರೆಯುತ್ತಿದ್ದದ್ದು ಇರೀನಾ ಎಂದು,
ನನಗಿಂತ ಮೊದಲು ಕೆಲಸಕ್ಕಿದ್ದವಳ ಹೆಸರು.
ತಿದ್ದಲಿಲ್ಲ ನಾನು. ಸಂಬಳ ಸರಿಯಾಗಿ ಬರುತ್ತಿತ್ತು.

ನವೆಂಬರಿನ ಒಂದು ದಿನ ಕಡಲು ಬೇಕೆಂದಳು.
ಡಾಂಬರು ಮುಗಿದಲ್ಲಿ ಮಗ ಇಬ್ಬರನ್ನೂ ಇಳಿಸಿ
ನಾಲ್ಕಕ್ಕೆ ಬರುತ್ತೇನೆಂದು ಕಾರು ತಿರುಗಿಸಿದ.

ಕಡಲೆಂದರೆ ನನಗೆ ವೇಲಾಂಕಣಿ:
ಮರಳು, ಬೋಳಿಸಿದ ತಲೆಗಳು, ಹುರಿದ ಮೀನು, ಜನ.
ಇಲ್ಲಿ ಒಂದು ನಾಯಿಯೂ ಇಲ್ಲ.
ಮರಳೇ ಇಲ್ಲ. ಕಲ್ಲು, ಬರೀ ಕಲ್ಲು,
ಅವರೆಕಾಳಿನಷ್ಟು, ಮೊಟ್ಟೆಯಷ್ಟು, ಬೇಕರಿ ಬನ್ನಿನಷ್ಟು,
ಬಿಳಿ, ಬೂದು, ಅಲ್ಲೊಂದು ಇಲ್ಲೊಂದು ಇಟ್ಟಿಗೆ ಕೆಂಪು,
ಮೂಲೆಯೆಂಬುದೇ ಇಲ್ಲದವು.

ವೀಲ್‌ಚೇರಿನ ಗಾಲಿ ಹೂತುಹೋಯಿತು.
ಬೆನ್ನಿಗೆ ಹಾಕಿಕೊಂಡೆ ಅವಳನ್ನು, ಉಪ್ಪುಮೂಟೆ.
ಕಾಲು ಹೊರಳಿ ಎರಡು ಸಲ ಮಂಡಿಯೂರಿದೆ;
ಅವಳಿಗೆ ನಗು, ನನ್ನ ಕಿವಿಯಲ್ಲೇ.
ಅಲೆ ಬಂದದ್ದು ಗೊತ್ತಾಗಲಿಲ್ಲ.
ಹಿಂದೆ ಸರಿಯುವಾಗ ಕೇಳಿಸಿತು,
ಸಾವಿರ ಮೊರಗಳಲ್ಲಿ ಹುರುಳಿ ಕೇರುತ್ತಾ
ಹೆಂಗಸರು ದೂರ ನಡೆದುಹೋದ ಹಾಗೆ.

ಬ್ರೆಡ್ಡು, ಆಲಿವ್ ತಿಂದೆವು. ಮಾತಿಲ್ಲ.
ಬೀಜಗಳನ್ನು ಅವಳು ಕಲ್ಲುಸಂದಿಗೆ ಒಂದೊಂದಾಗಿ ತೂರಿಸಿದಳು.
ನಾಲ್ಕಕ್ಕೆ ಕಾರಿಲ್ಲ, ಐದಕ್ಕೂ ಇಲ್ಲ.
ಬೆಳಕು ಇಳಿಯುವಾಗ ನನ್ನ ಮಣಿಕಟ್ಟು ಹಿಡಿದು
'ಜಸಿಂತಾ' ಎಂದಳು,
ಸರಿಯಾಗಿ, ಒಂದೇ ಸಲ.
ಮರುದಿನ ಮತ್ತೆ ಇರೀನಾ.

ಅಲ್ಲಿಂದ ತಂದದ್ದು ಒಂದು ಕಲ್ಲಿದೆ.
ಹಾಲಿನ ಪಾತ್ರೆಯ ತಟ್ಟೆಯ ಮೇಲಿಡುತ್ತೇನೆ, ಬೆಕ್ಕಿನ ಕಾಟಕ್ಕೆ.
ಅದೊಂದೇ ಆದ್ದರಿಂದ ಅದಕ್ಕೆ ಸದ್ದಿಲ್ಲ.

ಬೆಳಿಗ್ಗೆ ನೋಡಿದರೆ ರಾಶಿ ಅರ್ಧ ರಸ್ತೆಗೆ ಬಂದಿರುತ್ತದೆ,
ಚೂಪುಚೂಪು, ಮೊನ್ನೆಯಷ್ಟೇ ಸಿಡಿಸಿದ್ದು,
ಒಂದನ್ನೊಂದು ಇನ್ನೂ ಉಜ್ಜಿಲ್ಲದವು.
ಮೇಸ್ತ್ರಿ ತಲೆ ತುರಿಸುತ್ತಾನೆ:
ಇನ್ನೆರಡು ಮಹಡಿ ಅಕ್ಕ, ಸ್ವಲ್ಪ ತಡ್ಕೊಳ್ಳಿ.
ಹಾಲಿನ ಪ್ಯಾಕೆಟ್ಟು ಕೈಯಲ್ಲಿ ಹಿಡಿದು ನಿಂತವಳು
ಕೇಳುತ್ತೇನೆ,
ಇನ್ನೆಷ್ಟು ಲೋಡು ಬರುತ್ತಪ್ಪಾ?