ಖರಾಬು

ಮೂರಿಂಚು ಅಗಲ, ಆಡಿನ ಕೂದಲು, ಬಿದಿರಿನ ಹಿಡಿ.
ದಾವಣಗೆರೆಯ ಮಂಡಿಪೇಟೆಯಲ್ಲಿ ಕೊಂಡಾಗ
ಅಂಗಡಿಯವನು ಕೇಳಿದ್ದ: ‘ಬಾಗಿಲಿಗೆ ವಾರ್ನಿಷಾ ಸಾರ್?’
ಹೌದೆಂದೆ.
ಸರ್ವೆ ಇಲಾಖೆಯವನು ‘ಆಕಾಶಕ್ಕೆ’ ಎಂದರೆ
ಬಿಲ್ಲು ಏನೆಂದು ಬರೆದಾನು?

ವಾರದ ಆರು ದಿನ ನನ್ನದು ಗೆರೆಯ ಕೈ.
ಗಟ್ಟಿ ಸೀಸದ ಪೆನ್ಸಿಲು, ಸೂಜಿಯಷ್ಟು ಮೊನೆ.
ಸರಪಳಿ ಎಳೆದು, ಬಾಂದುಕಲ್ಲು ಹುಡುಕಿ,
ಜಾಲಿಯ ಬುಡದಲ್ಲಿ ಅದು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ
ಇಬ್ಬರು ದಾಯಾದಿಗಳ ನೆನಪಿನ ನಡುವೆ
ಒಂದು ಗೆರೆ.
ಅಳೆದದ್ದನ್ನೇ ಮತ್ತೊಮ್ಮೆ ಅಳೆ, ಅನ್ನುತ್ತದೆ ಕೈಪಿಡಿ.
ಗುಡ್ಡ ಬಂದರೆ, ಬಂಡೆ ಬಂದರೆ, ಹಳ್ಳ ಬಂದರೆ
ಒಂದೇ ಮಾತು ಬರೆದು ಮುಂದೆ ಹೋಗುವುದು:
ಖರಾಬು.

ಭಾನುವಾರ ಆ ಖರಾಬಿನ ಎದುರಿಗೇ ಕೂರುತ್ತೇನೆ,
ಚಳ್ಳಕೆರೆಯಿಂದಾಚೆ, ಮೊಳಕಾಲ್ಮೂರಿನ ದಾರಿಯಲ್ಲಿ.
ತೊಂದರೆ ಏನೆಂದರೆ, ಇಲ್ಲಿ ನೀರು ನಿಲ್ಲುವುದಿಲ್ಲ.
ಕಾಗದ ತೋಯಿಸಿ, ಕುಂಚವನ್ನು ನೀಲಿಯಲ್ಲಿ ಅದ್ದಿ
ಎಡದಿಂದ ಬಲಕ್ಕೆ ಒಂದು ಪಟ್ಟೆ ಎಳೆಯುವಷ್ಟರಲ್ಲಿ
ಎಡಗಡೆ ಒಣಗಿ ಅಂಚು ಎದ್ದಿರುತ್ತದೆ,
ಬದು ಹಾಕಿದ ಹಾಗೆ.
ಆಕಾಶದಲ್ಲೂ ಬದು!
ತಿದ್ದಲು ಮತ್ತೆ ಅಲ್ಲಿಗೇ ಹೋಗುತ್ತೇನೆ, ಅಭ್ಯಾಸಬಲ.
ಬದು ಎರಡಾಗುತ್ತದೆ.
ಮೂರನೆಯ ಸಲಕ್ಕೆ ಪೋಡಿಯಾದ ಆಕಾಶ,
ಐದು ಮಕ್ಕಳಿಗೆ ಹಂಚಬಹುದು.

ಹೀಗೆ ಎಷ್ಟು ಕಾಗದ ಕೆಡಿಸಿದೆನೋ.

ದ್ಯಾಮಕ್ಕ ನೋಡಿದ್ದು ಅಂಥದೊಂದು ಬೆಳಿಗ್ಗೆ.
ಕಂಬಳಿ ನೇಯುವ ಮನೆಯಾಕೆ. ರಸ್ತೆ ಬದಿಯ ಬಯಲಲ್ಲಿ
ಕರಿಯುಣ್ಣೆಯ ಹಾಸನ್ನು ಗೂಟದಿಂದ ಗೂಟಕ್ಕೆ ಬಿಗಿದು
ಹುಣಸೆಬೀಜದ ಗಂಜಿ ಹಚ್ಚುತ್ತಿದ್ದಳು.
ಅವಳ ಕೈಯಲ್ಲೂ ಕುಂಚ! ನನ್ನದರ ನಾಲ್ಕರಷ್ಟು ಅಗಲ,
ಯಾವುದೋ ಬೇರಿನ ನಾರಿನದು.
ಈ ತುದಿಯಿಂದ ಆ ತುದಿಗೆ ನಡೆದೇ ಹೋಗುತ್ತಾಳೆ,
ಕೈ ಅಲ್ಲ, ಇಡೀ ಮೈಯೇ ಅದಕ್ಕೆ ಹಿಡಿ.
‘ಬಿಸ್ಲು ಏರೋದ್ರಾಗೆ ಮುಗೀಬೇಕು ಸಾಮಿ.
ಹೋದ ದಾರೀಗೆ ತಿರುಗಿ ಬರಬಾರ್ದು.
ಬಂದ್ರೆ ಎಳೆ ಅಂಟ್ಕಂತವೆ.’
ಆಮೇಲೆ ನನ್ನ ಕುಂಚ ಇಸಿದುಕೊಂಡು, ಕೆನ್ನೆಗೆ ಒತ್ತಿ ನೋಡಿ,
‘ಆಡಿಂದು ಇದು. ಹೊಟ್ಟೆ ಕಡೆ ಕೂದ್ಲು.
ಚಳಿಗೇನೂ ಆಗಕಿಲ್ಲ ಬಿಡ್ರಿ’ ಅಂದಳು.

ಮುಂದಿನ ವಾರ ಕತ್ತಲಿರುವಾಗಲೇ ಹೊರಟೆ.
ಒದ್ದೆ ಗೋಣಿತಾಟಿನ ಮೇಲೆ ಕಾಗದ ಹಾಸಿ
ನಿಂತುಕೊಂಡೆ. ಕೂತು ಆಡಿಸುವ ಕುಂಚವಲ್ಲ ಇದು.
ಹೊಟ್ಟೆ ತುಂಬ ನೀರು ಕುಡಿಸಿ
ಭುಜದಿಂದ ಬಿಟ್ಟೆ,
ಒಂದೇ ನಡೆ.
ನೀಲಿ ತಾನಾಗಿ ಇಳಿಯಿತು ಗುಡ್ಡ ಇರುವಲ್ಲಿಗೆ,
ಗುಡ್ಡದ ಕೆಂಗಂದು ಏರಿ ಬಂತು ಅದರೊಳಕ್ಕೆ;
ಎಲ್ಲಿ ಇದು ಮುಗಿದು ಅದು ಮೊದಲಾಯಿತೆಂದು
ಯಾರಾದರೂ ಅರ್ಜಿ ಕೊಟ್ಟರೆ
ನಾನು ಸಹಿ ಹಾಕಲಾರೆ.
ಬಂಡೆಗಳು? ಬಂಡೆ ಬರೆಯಲು ಬಾರದು ಈ ಕುಂಚಕ್ಕೆ.
ಹಿಂಡಿ ಒಣಗಿಸಿದ ತುದಿಯನ್ನು ಸುಮ್ಮನೆ ಸವರಿ ಎತ್ತಿದೆ,
ಕಾಗದದ ತರಿಯೇ ಕಲ್ಲಾಗಿ ನಿಂತಿತು.
ದೂರದ ಗಾಳಿಯಂತ್ರಗಳನ್ನು ಬಿಟ್ಟುಬಿಟ್ಟೆ.
ಅವಕ್ಕೆ ಗೆರೆ ಬೇಕು.

ಕುಂಚದಿಂದ ಉದುರಿದ ಒಂದು ಕೂದಲು
ಆಕಾಶದ ನಡುವೆ ಅಂಟಿ ಒಣಗಿದೆ.
ಕೀಳಲು ಉಗುರು ಒಡ್ಡಿದವನು ತಡೆದೆ.
ಗ್ರಾಮನಕಾಶೆಯಲ್ಲಿ ಕಾಲುದಾರಿಯನ್ನು
ಚುಕ್ಕಿ ಚುಕ್ಕಿಯಾಗಿ ತೋರಿಸುತ್ತೇವೆ,
ಮನುಷ್ಯರು ನಡೆದದ್ದನ್ನು ಮಾತ್ರ.

ನಾಳೆ ಹತ್ತಕ್ಕೆ ಗೌರಸಮುದ್ರದ ಕಡೆ ಹದ್ದುಬಸ್ತು ಇದೆ.
ಸರಪಳಿಗೆ ಎಣ್ಣೆ ಹಚ್ಚಬೇಕು.
ಉಗುರ ಸಂದಿಯ ನೀಲಿ
ಇನ್ನೂ ಹೋಗಿಲ್ಲ.