ಚಳಿ ಕಾಯುವವನು

ಇನ್ಸ್‌ಬ್ರುಕ್ಕಿನಲ್ಲಿ ಎಲ್ಲರೂ ಚಳಿ ಕಾಯಿಸಿಕೊಳ್ಳುತ್ತಾರೆ,
ನಾನು ಚಳಿಯನ್ನೇ ಕಾಯುತ್ತೇನೆ.
ಮೂವತ್ತು ವರ್ಷ ಕೇಬಲ್ ಕಾರಿನ ಗಾಲಿಗಳಿಗೆ
ಗ್ರೀಸು ಹಚ್ಚಿದ ಕೈ ಇದು.
ಮಂಡಿ ಸೋತ ಮೇಲೆ ಇಲ್ಲಿ, ಈ ನೆಲಮಾಳಿಗೆಯಲ್ಲಿ,
ಹೀಲಿಯಂ ಹಂಡೆಗೆ ಕಾವಲು.
ಚಳಿ ಮುಗಿದುಹೋಗುವ ಜಾಗಕ್ಕೆ ನಾಲ್ಕೇ ಮೆಟ್ಟಿಲು ಮೇಲೆ
ಅಲ್ಲೊಂದು ಚುಕ್ಕಿ ಕೂತಿದೆಯಂತೆ.
ನಾನು ಕಂಡಿಲ್ಲ.

ವ್ರೋನಿ ಹೇಳುತ್ತಾಳೆ: ಲೇಸರಿನ ಒಂದು ಏಟಿಗೆ
ಅದು ಒಂದೇ ಒಂದು ಕಣ ಬೆಳಕು ಕೊಡಬೇಕು.
ಎರಡಲ್ಲ. ಒಂದೂವರೆಯಂತೂ ಇಲ್ಲವೇ ಇಲ್ಲ.
ತೊಡಕು ಇಷ್ಟೆ, ಕೊಟ್ಟದ್ದಕ್ಕೂ ಬಂದದ್ದಕ್ಕೂ ಒಂದೇ ಬಣ್ಣ.
ಹೊಳೆಗೆ ಹನಿ ಸಾಲ ಕೊಟ್ಟು
ಅದೇ ಹನಿ ವಾಪಸು ಕೇಳಿದ ಹಾಗೆ.

ಈಗ ಹೊಸ ಉಪಾಯ. ಎರಡು ಲೇಸರು,
ಎರಡೂ ಚುಕ್ಕಿಗೆ ಒಗ್ಗದ ಕೆಂಪು.
ಒಂಟಿಯಾಗಿ ಹೋದರೆ ಅದು ಕಣ್ಣೆತ್ತಿಯೂ ನೋಡದು;
ಜೋಡಿಯಾಗಿ ಹೋದರೆ, ತಾಳ ಕೂಡಿದರೆ,
ತೂಗಿ ತೂಗಿ ಮೇಲೇರುತ್ತದೆ.
ಅವಳು ಬೋರ್ಡಿನ ತುಂಬ ಸಮೀಕರಣ ಬರೆದಳು.
ನಾನಂದೆ: ಹಿಮದಲ್ಲಿ ಹೂತ ಕಾರನ್ನು ನಾವು ಎಬ್ಬಿಸುವುದೂ ಹೀಗೇ,
ಮುಂದೊಮ್ಮೆ ಹಿಂದೊಮ್ಮೆ ತೂಗಿ.
ನಕ್ಕಳು. ಸರಿ ಅಂತಲೋ, ಪಾಪ ಅಂತಲೋ.

ಫೆಬ್ರವರಿಯ ಆ ರಾತ್ರಿ ಫ್ಯೋನ್ ಬೀಸಿತು,
ದಕ್ಷಿಣದ ಬಿಸಿಗಾಳಿ, ಊರಿಗೆಲ್ಲ ತಲೆನೋವು.
ಕಂಪ್ರೆಸರು ತೊದಲಿತು.
ನಾಲ್ಕು. ನಾಲ್ಕೂವರೆ. ಐದು.
ವಾಲ್ವಿನ ಮೇಲೆ ಕೈಯಿಟ್ಟು ಕೂತೆ,
ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.
ಐದು. ನಾಲ್ಕೂವರೆ.
ಬೈದೆ, ಬೇಡಿಕೊಂಡೆ, ಎರಡೂ ಒಂದೇ ಉಸಿರಿನಲ್ಲಿ.

ಬೆಳಗಾದಾಗ ಪರದೆಯ ಮೇಲೆ ಸಾಲು ಸಾಲು ಗೋಪುರ,
ಸರಿಯಾಗಿ ನಡುವೆ ಖಾಲಿ.
ಹಲ್ಲು ಬಿದ್ದ ಬಾಯಿ.
“ಕೆಟ್ಟಿತಾ?”
“ಇಲ್ಲ ಲೋಯಿಸ್, ಇದೇ ಬೇಕಾಗಿದ್ದದ್ದು.
ಅಲ್ಲಿ ಏನೂ ಇಲ್ಲದ್ದೇ ಸಾಕ್ಷಿ,
ಒಂದರ ಬೆನ್ನಿಗೆ ಇನ್ನೊಂದು ನುಸುಳಲಿಲ್ಲ.”
“ಮತ್ತೆ ಬಂದ ಆ ಒಂದು?”
“ಎಣಿಸಿದೆವಲ್ಲ. ಎಣಿಸಿದ ಮೇಲೆ ಅದು ಇರುವುದಿಲ್ಲ.”

ಟ್ರಾಮಿನಲ್ಲಿ ನಿದ್ದೆ ಹೋಗಿ ಎರಡು ನಿಲ್ದಾಣ ಮುಂದೆ ಇಳಿದೆ.
ಮನೆಯಲ್ಲಿ ಬುರ್ಗಿ ಕಾಫಿ ಬಗ್ಗಿಸುತ್ತಿದ್ದಳು.
“ರಾತ್ರಿಯೆಲ್ಲ ಕೂತು ಎಷ್ಟು ಮಾಡಿದಿರಿ?”
“ಒಂದು,” ಅಂದೆ.
ಅವಳು ಸಕ್ಕರೆಯೆಂದುಕೊಂಡು
ಒಂದೇ ತುಂಡು ಹಾಕಿದಳು.
ನಾನು ಯಾವತ್ತೂ ಎರಡು ಹಾಕಿಕೊಳ್ಳುವವನು.
ಸುಮ್ಮನೆ ಕುಡಿದೆ.